ಮುಟ್ಟದೆ ಅರಿಯುವ ಯಂತ್ರಗಳು



ಗುಂಡಿಯನ್ನು ಒತ್ತದೆ, ಹಿಡಿಕೆಯನ್ನು ತಿರುವದೆ, ಬಾಯಿಂದ ಒಂದು ಮಾತನ್ನೂ ಆಡದೆ, ಮನುಷ್ಯನು ಸಮೀಪಕ್ಕೆ ಬಂದನೆಂಬದನ್ನು ತಾವಾಗಿಯೇ ಅರಿತುಕೊಂಡು ಕೆಲಸ ಮಾಡುವ ಯಂತ್ರಗಳು ಈಗ ನಮ್ಮ ಕಲಬುರಗಿಯಲ್ಲಿ ಅಪರೂಪದ ವಸ್ತುಗಳಾಗಿ ಉಳಿದಿಲ್ಲ. ದೊಡ್ಡ ಅಂಗಡಿಗಳ ಗಾಜಿನ ಬಾಗಿಲುಗಳು ನಾವು ಹತ್ತಿರ ಹೋದೊಡನೆ ಎರಡು ಕಡೆಗೆ ಸರಿಯುವವು. ಹೊಸ ಮನೆಗಳ ಮೆಟ್ಟಿಲುಗಳ ಮೇಲೆ ಕಾಲಿಟ್ಟರೆ ದೀಪ ಹತ್ತುವದು. ಆಸ್ಪತ್ರೆಯ ನಳದ ಕೆಳಗೆ ಕೈ ಒಡ್ಡಿದರೆ ನೀರು ಬರುವದು, ಕೈ ತೆಗೆದರೆ ನಿಲ್ಲುವದು. ಕಿವಿಗೆ ಹಿಡಿದ ಮೊಬೈಲು ಕೂಡಲೇ ತನ್ನ ಮುಖವನ್ನು ಕಪ್ಪು ಮಾಡಿಕೊಳ್ಳುವದನ್ನು ಪ್ರತಿದಿನ ಕಾಣುತ್ತಿದ್ದರೂ, ಅದು ಯಾಕೆ ಹಾಗೆ ಮಾಡುವದೆಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಈ ಸ್ಮರಣ ಸಂಚಿಕೆಗೆ ಇದೇ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ನಮ್ಮ ಶಾಲೆಯಲ್ಲಿ ಊಟದ ಹೊತ್ತಿಗೆ ಹುಡುಗಿಯರು ಕೈ ತೊಳೆಯುವ ಕಟ್ಟೆಯು ಬಹಳ ಹಳೆಯದಾಗಿ, ಅದರ ನಳಗಳು ಸೋರುತ್ತಲಿವೆ. ಹೊಸ ಕಟ್ಟೆಯನ್ನು ಕಟ್ಟಿಸುವಾಗ ಎಂಟು ಸೆನ್ಸರ್ ನಳಗಳನ್ನು ತಾವೇ ಕೊಡಿಸುವೆವೆಂದು ಪೂರ್ವ ವಿದ್ಯಾರ್ಥಿನಿಯರಲ್ಲಿ ಕೆಲವರು ಮುಂದೆ ಬಂದಿರುವರು. ಅವರ ಮನಸ್ಸು ದೊಡ್ಡದು, ಅದಕ್ಕೆ ನಾವು ಋಣಿಗಳು. ಆದರೆ ಶಾಲೆಯ ಹುಡುಗಿಯರೆಲ್ಲರೂ ದಿನವೂ ಬಳಸತಕ್ಕ ಒಂದು ವಸ್ತುವನ್ನು ತರುವ ಮೊದಲು, ಅದು ಹೇಗೆ ನೋಡುವದು, ಯಾರನ್ನು ನೋಡುವದು, ಯಾವಾಗ ಕುರುಡಾಗುವದು ಎಂದು ಕೇಳದೆ ಇರಲು ಶಿಕ್ಷಕಿಯಾದ ನನ್ನಿಂದ ಆಗದು. ಆದದರಿಂದ ಈ ಪಾಠ.

'ಮುಟ್ಟದೆ' ಎಂಬ ಮಾತು ನಮ್ಮ ಊರಿನಲ್ಲಿ ಒಮ್ಮೆಲೇ ಎಲ್ಲರ ಬಾಯಿಗೆ ಬಂದ ದಿನಗಳನ್ನು ಯಾರೂ ಮರೆತಿರಲಾರರು. 2020ನೇ ಇಸವಿಯ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅವರಿಗೆ ಕೊರೋನಾ ರೋಗವಿತ್ತೆಂದು 12ರಂದು ಪ್ರಕಟವಾಯಿತು. ಭಾರತದೇಶದಲ್ಲಿ ಆ ರೋಗದಿಂದಾದ ಮೊದಲನೆಯ ಮರಣವು ಅದೇ. ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಆಗಬಹುದೆಂದು ಜನರು ಎಣಿಸಿದ್ದು ನಮ್ಮ ಓಣಿಗಳ ನಡುವೆಯೇ ಆಗಿಹೋಯಿತು. ಅಂದಿನಿಂದ ಬಾಗಿಲಿನ ಹಿಡಿಕೆ, ಬಸ್ಸಿನ ಕಂಬಿ, ನೋಟು, ನಾಣ್ಯ, ಹೀಗೆ ಮುಟ್ಟಿದ್ದೆಲ್ಲವೂ ಸಂಶಯಕ್ಕೆ ಗುರಿಯಾಯಿತು. ಬೆರಳು ಒತ್ತಿ ಹಾಜರಿ ಹಾಕುವ ಯಂತ್ರಗಳನ್ನು ಕೇಂದ್ರ ಸರಕಾರದ ಕಚೇರಿಗಳಲ್ಲಿ ಅದೇ ಮಾರ್ಚ್ ತಿಂಗಳ ಮೊದಲ ವಾರದಲ್ಲಿಯೇ ನಿಲ್ಲಿಸಿದ್ದರು. ಇತ್ತ ಅಂಗಡಿ, ಬ್ಯಾಂಕು, ಶಾಲೆಗಳ ಬಾಗಿಲುಗಳಲ್ಲಿ ಹಣೆಗೆ ಗುರಿಯಿಟ್ಟು ಜ್ವರ ನೋಡುವ ಸಾಧನವು ಬಂದಿತು. ಜನರು ಅದಕ್ಕೆ ಥರ್ಮಲ್ ಗನ್ ಎಂದು ಹೆಸರಿಟ್ಟರು. ಮಗುವಿನ ಹಣೆಗೆ ಅಂಗೈ ಇಟ್ಟು ಜ್ವರ ಅರಿಯುತ್ತಿದ್ದ ತಾಯಂದಿರು ಅದನ್ನು ನೋಡಿ ಮೊದಲು ಹೆದರಿದರು.

ಹೆದರಿಕೆಗೆ ಕಾರಣವೂ ಇತ್ತು. ಆ ಸಾಧನವು ತಲೆಯೊಳಕ್ಕೆ ಏನೋ ಕಿರಣವನ್ನು ಬಿಡುವದು, ಮೆದುಳಿಗೆ ಕೆಡಕು ಎಂದು ಮೊಬೈಲುಗಳಲ್ಲಿ ಸುದ್ದಿ ಹಬ್ಬಿತ್ತು. ಇದು ಸುಳ್ಳು. ಅದು ಹಣೆಗೆ ಜ್ವರದ ಕಿರಣವನ್ನು ಕಳಿಸುವದಿಲ್ಲ. ಹಣೆಯಿಂದ ಹೊರಡುವದನ್ನು ತಾನು ಕೊಳ್ಳುವದು ಮಾತ್ರ. ಕೆಲವು ಸಾಧನಗಳಲ್ಲಿ ಕಾಣುವ ಕೆಂಪು ಚುಕ್ಕೆಯು ಗುರಿಯನ್ನು ತೋರಿಸುವದಕ್ಕೆ ಇಟ್ಟದ್ದೇ ಹೊರತು ಅಳೆಯುವ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ. ಕಣ್ಣು ದೀಪವನ್ನು ನೋಡಿದರೆ ದೀಪಕ್ಕೆ ಹೇಗೆ ಹಾನಿಯಿಲ್ಲವೋ ಹಾಗೆಯೇ ಇದೂ.

ಹಾಗಾದರೆ ಹಣೆಯಿಂದ ಹೊರಡುವದು ಏನು? ಇದನ್ನು ತಿಳಿಯಲು ಎರಡು ನೂರು ವರ್ಷಗಳಿಗಿಂತ ಹಿಂದಕ್ಕೆ ಹೋಗಬೇಕು. ವಿಲಿಯಂ ಹರ್ಷೆಲ್ ಎಂಬವನು ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಬಂದು, ಸಂಗೀತದಿಂದ ಹೊಟ್ಟೆ ಹೊರೆಯುತ್ತ, ತರುವಾಯ ನಕ್ಷತ್ರಗಳ ಬೆನ್ನು ಹತ್ತಿ ಮಹಾ ಖಗೋಲಜ್ಞನಾದನು. 1800ನೇ ಇಸವಿಯಲ್ಲಿ ಅವನು ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ನೇರಿಳೆಯಿಂದ ಕೆಂಪಿನ ವರೆಗೆ ಹರಡಿದ ಬಣ್ಣಗಳಲ್ಲಿ ಯಾವದು ಎಷ್ಟು ಬಿಸಿಯೆಂದು ಉಷ್ಣಮಾಪಕಗಳನ್ನಿಟ್ಟು ನೋಡುತ್ತಿದ್ದನು. ಕೆಂಪು ಬಣ್ಣ ಮುಗಿದ ಮೇಲೆ, ಏನೂ ಬೆಳಕಿಲ್ಲದ ಜಾಗದಲ್ಲಿ ಇಟ್ಟ ಉಷ್ಣಮಾಪಕದ ಪಾದರಸವು ಎಲ್ಲಕ್ಕಿಂತ ಹೆಚ್ಚು ಏರಿತು. ಕಣ್ಣಿಗೆ ಕಾಣದ ಬೆಳಕು ಒಂದುಂಟೆಂಬದು ಹೀಗೆ ಮನುಷ್ಯನಿಗೆ ಗೊತ್ತಾಯಿತು. ಇದನ್ನೇ ನಮ್ಮ ಪಠ್ಯಪುಸ್ತಕಗಳು ಅವಕೆಂಪು ಕಿರಣವೆಂದು ಕರೆಯುವವು.

ಈ ಕಿರಣವನ್ನು ಸೂರ್ಯನೊಬ್ಬನೇ ಕೊಡುವನೆಂದು ತಿಳಿಯಬಾರದು. ಬಿಸಿಯುಳ್ಳ ಪ್ರತಿಯೊಂದು ವಸ್ತುವೂ, ಅಂದರೆ ಗೋಡೆ, ಕಲ್ಲು, ಕೊಡ, ಎಮ್ಮೆ, ಮನುಷ್ಯ ಎಲ್ಲರೂ, ತಮ್ಮ ತಮ್ಮ ಬಿಸಿಗೆ ತಕ್ಕಂತೆ ಅದನ್ನು ಹಗಲೂ ರಾತ್ರಿಯೂ ಹೊರಸೂಸುತ್ತಲೇ ಇರುವೆವು. ಕಮಲಾಪುರದ ಕೆಂಪು ಬಾಳೆಯನ್ನು ತೆಗೆದುಕೊಳ್ಳಿರಿ. ಆ ಹಣ್ಣು ಕೆಂಪಾಗಿ ಕಾಣುವದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಂಪನ್ನು ಹಿಂದಕ್ಕೆ ಕಳಿಸುವದರಿಂದ. ಕತ್ತಲೆಯ ಕೋಣೆಯಲ್ಲಿ ಅದಕ್ಕೆ ಕೆಂಪೆಂಬದೇ ಇಲ್ಲ. ಆದರೆ ಅದೇ ಕತ್ತಲೆಯಲ್ಲಿಯೂ ತನ್ನ ಬಿಸಿಗೆ ಸಲ್ಲುವ ಅವಕೆಂಪನ್ನು ಅದು ಸೂಸುತ್ತಿರುವದು. ಬಿದ್ದ ಬೆಳಕನ್ನು ಹಿಂದಿರುಗಿಸುವದು ಬೇರೆ, ತನ್ನೊಳಗಿನದನ್ನು ಹೊರಸೂಸುವದು ಬೇರೆ. ಈ ಭೇದವನ್ನು ದಯವಿಟ್ಟು ನೆನಪಿನಲ್ಲಿಡಿರಿ. ಮುಂದೆ ಇದರ ಮೇಲೆಯೇ ಬಹಳ ನಿಂತಿದೆ.

ನಮ್ಮ ಚರ್ಮದ ಬಿಸಿ ಸಾಧಾರಣವಾಗಿ 33-34 ಡಿಗ್ರಿ ಸೆಲ್ಸಿಯಸ್. ಆ ಬಿಸಿಯಿಂದ ಹೊರಡುವ ಕಿರಣಗಳ ಅಲೆಯ ಉದ್ದವು ಕಣ್ಣಿಗೆ ಕಾಣುವ ಬೆಳಕಿನ ಅಲೆಗಿಂತ ಹದಿನೈದು ಪಟ್ಟು, ಇಪ್ಪತ್ತು ಪಟ್ಟು ದೊಡ್ಡದು. ಥರ್ಮಲ್ ಗನ್ನು ಅದನ್ನು ಮಸೂರದಿಂದ ಕೂಡಿಸಿ, ಅಳೆದು, ಲೆಕ್ಕ ಹಾಕಿ, ಅಂಕಿಯನ್ನು ತೋರಿಸುವದು. ಆದರೆ ಅದು ನೋಡುವದು ಚರ್ಮವನ್ನು, ರಕ್ತವನ್ನಲ್ಲ. 2020ನೇ ಇಸವಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಜೂನ್ 25ರಿಂದ ನಡೆದಾಗ ಮಕ್ಕಳ ಹಣೆಯ ಬಿಸಿಯನ್ನು ಬಾಗಿಲಲ್ಲಿ ನೋಡಿಯೇ ಒಳಗೆ ಬಿಡುತ್ತಿದ್ದರು. ಬಿಸಿಲಲ್ಲಿ ನಡೆದು ಬಂದ ಹುಡುಗಿಯ ಹಣೆ ಜ್ವರವಿಲ್ಲದೆಯೂ ಸುಡುವದು. ಬೆವರಿ ಗಾಳಿಗೆ ನಿಂತವಳ ಹಣೆ ಜ್ವರವಿದ್ದರೂ ತಣ್ಣಗಿರುವದು. ಹತ್ತು ನಿಮಿಷ ನೆರಳಿನಲ್ಲಿ ಕೂಡ್ರಿಸಿ, ಬೆವರು ಒರೆಸಿ, ಕೂದಲನ್ನು ಹಿಂದಕ್ಕೆ ಸರಿಸಿ ನೋಡಿದರೆ ಸರಿಯಾದ ಅಂಕಿ ಬರುವದು. ಯಂತ್ರ ಹೇಳಿತೆಂದು ಹೆದರಿ ಅಳುತ್ತ ನಿಂತ ಮಕ್ಕಳಿಗೆ ಆ ದಿನಗಳಲ್ಲಿ ಬೇಕಾಗಿದ್ದದ್ದು ಬೇವಿನ ಮರದ ನೆರಳು ಮತ್ತು ಆ ಸಾಧನದ ಸ್ವಭಾವವನ್ನು ಬಲ್ಲ ಒಬ್ಬ ಹಿರಿಯರು.

ಮೆಟ್ಟಿಲಿನ ದೀಪವೂ ಇದೇ ಕಿರಣವನ್ನು ನಂಬಿಕೊಂಡಿದೆ. ಅದರ ಮುಂದೆ ಅರ್ಧ ಚೆಂಡಿನಂಥ ಬಿಳಿಯ ಪ್ಲಾಸ್ಟಿಕ್ ಮುಚ್ಚಳವಿರುವದನ್ನು ನೀವು ಕಂಡಿರಬಹುದು. ಅದರಲ್ಲಿ ಜೇನುಹುಟ್ಟಿನ ಕಣ್ಣುಗಳಂತೆ ಚಿಕ್ಕ ಚಿಕ್ಕ ಮಸೂರಗಳುಂಟು. ಅವು ಕೋಣೆಯನ್ನು ಅನೇಕ ಪಟ್ಟಿಗಳಾಗಿ ಹಂಚುವವು. ಒಳಗೆ ಇರುವದು ಬಿಸಿ ಹೆಚ್ಚು ಕಡಿಮೆಯಾದರೆ ಅಲ್ಪ ವಿದ್ಯುತ್ತನ್ನು ಹುಟ್ಟಿಸುವ ಹರಳು. ಆ ಹರಳಿನ ಎರಡು ತುಂಡುಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿರುವರು. ಹೊತ್ತೇರಿ ಕೋಣೆಯೆಲ್ಲ ಸಾವಕಾಶವಾಗಿ ಕಾಯ್ದರೆ ಎರಡೂ ತುಂಡುಗಳು ಸಮನಾಗಿ ಕಾಯುವದರಿಂದ ಒಂದರ ವಿದ್ಯುತ್ತು ಇನ್ನೊಂದನ್ನು ಕಳೆದುಬಿಡುವದು. ಮನುಷ್ಯನು ನಡೆದರೆ ಅವನ ಬಿಸಿಯು ಮೊದಲು ಒಂದು ತುಂಡಿಗೆ, ಆ ಮೇಲೆ ಇನ್ನೊಂದಕ್ಕೆ ತಾಗುವದು. ಆಗ ದೀಪ ಹತ್ತುವದು. ಆದದರಿಂದಲೇ ಅಲುಗದೆ ಕುಳಿತವರ ತಲೆಯ ಮೇಲಿನ ದೀಪವು ತಾನೇ ಆರಿಹೋಗುವದು, ಕೈ ಬೀಸಿದರೆ ಮತ್ತೆ ಹತ್ತುವದು. ತರಗತಿಗಳಲ್ಲಿ ಇದನ್ನು ಹಾಕಿಸಿದರೆ ಹೇಗೆಂದು ಒಬ್ಬ ಪಾಲಕರು ಕೇಳಿದರು. ನಮ್ಮ ಹುಡುಗಿಯರ ವಿಷಯದಲ್ಲಿ ದೀಪ ಆರುವ ಭಯವೇನೂ ಇಲ್ಲವೆಂದು ಹೇಳಿದೆನು.

ಇನ್ನು ನಮ್ಮ ಸೀಮೆಗೇ ಸಂಬಂಧಪಟ್ಟ ಒಂದು ಮಾತನ್ನು ಹೇಳಬೇಕು. ಈ ಹರಳು ಅರಿಯುವದು ಮನುಷ್ಯನ ಬಿಸಿಗೂ ಹಿಂದಿನ ಗೋಡೆಯ ಬಿಸಿಗೂ ಇರುವ ಅಂತರವನ್ನು. ಚಳಿದೇಶದಲ್ಲಿ ಗೋಡೆ 15-20 ಡಿಗ್ರಿಯಿದ್ದು, ಮನುಷ್ಯನು ಅದರ ಮುಂದೆ ಉರಿಯುವ ಕೆಂಡದಂತೆ ಕಾಣುವನು. ನಮ್ಮಲ್ಲಿ ಮೇ ತಿಂಗಳಲ್ಲಿ ಗಾಳಿಯೇ 42-43 ಡಿಗ್ರಿಗೆ ಏರುವದು. ಶಹಾಬಾದಿ ಪರಸಿ ಹಾಸಿದ ನೆಲವೂ ಕಲ್ಲಿನ ಗೋಡೆಯೂ ಹಗಲೆಲ್ಲ ಕಾಯ್ದು, ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತ ಇಳಿಯುತ್ತ ಸರಿಯಾಗಿ ನಮ್ಮ ಚರ್ಮದ ಬಿಸಿಗೆ ಬಂದು ನಿಲ್ಲುವದುಂಟು. ಆ ಹೊತ್ತಿನಲ್ಲಿ ಗೋಡೆಯ ಮುಂದೆ ನಡೆಯುವ ಮನುಷ್ಯನು ಆ ಕಣ್ಣಿಗೆ ಬೇರೆಯಾಗಿ ಕಾಣುವದೇ ಇಲ್ಲ, ಅಥವಾ ತೀರ ಹತ್ತಿರ ಬಂದಾಗ ಮಾತ್ರ ಕಾಣುವನು. ಬೇಸಿಗೆಯಲ್ಲಿ ಮೆಟ್ಟಿಲಿನ ದೀಪ ಕೆಟ್ಟಿತೆಂದು ಮಿಸ್ತ್ರಿಯನ್ನು ಕರೆಸಿ, ಮಳೆಗಾಲದಲ್ಲಿ ಅದು ತಾನೇ ಸುಧಾರಿಸಿತೆಂದು ಆಶ್ಚರ್ಯಪಟ್ಟವರು ಇದನ್ನು ಓದಿ ಸಮಾಧಾನ ಹೊಂದಬಹುದು. ವಯಸ್ಸಾದವರು ಇಳಿಯುವ ಮೆಟ್ಟಿಲಿಗೆ ಇಂಥ ದೀಪವೊಂದನ್ನೇ ನೆಚ್ಚದೆ, ಕೈಯಿಂದ ಹಚ್ಚುವ ಗುಂಡಿಯನ್ನೂ ಇಟ್ಟುಕೊಂಡಿರುವದು ಒಳ್ಳೇದು.

ಮುಟ್ಟದೆ ಅರಿಯುವ ಬೇರೆ ದಾರಿಗಳೂ ಉಂಟು. ಗೋಳಗುಮ್ಮಟಕ್ಕೆ ಪ್ರವಾಸ ಹೋದಾಗ ಕೂಗಿದ ಧ್ವನಿ ತಿರುಗಿ ಬಂದದ್ದನ್ನು ಕೇಳಿ ನಕ್ಕವರು ನೀವೆಲ್ಲ. ಧ್ವನಿಯನ್ನು ಕಳಿಸಿ, ಅದು ಎಷ್ಟು ಹೊತ್ತಿಗೆ ಹಿಂದಿರುಗುವದೆಂದು ಎಣಿಸಿದರೆ ಎದುರಿನ ವಸ್ತು ಎಷ್ಟು ದೂರವಿದೆಯೆಂದು ತಿಳಿಯುವದು. ಮೋಟಾರು ಹಿಂದಕ್ಕೆ ಸರಿಯುವಾಗ ಪೀ ಪೀ ಎನ್ನುವ ಸಾಧನವು ಹೀಗೆಯೇ, ಆದರೆ ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಧ್ವನಿಯಿಂದ ಕೆಲಸ ಮಾಡುವದು, ಬಾವಲಿಯೂ ಹಾಗೆಯೇ. ಗಾಜಿನ ಬಾಗಿಲುಗಳ ಮೇಲ್ಗಡೆ ಕೂಡಿಸಿದ ಪೆಟ್ಟಿಗೆಗಳಲ್ಲಿ ಅನೇಕವು ಧ್ವನಿಗೆ ಬದಲಾಗಿ ರೇಡಿಯೋ ಅಲೆಗಳನ್ನು ಕಳಿಸುವವು. ಎದುರಿನಿಂದ ಬರುವ ರೈಲಿನ ಸೀಟಿಯು ತೀಕ್ಷ್ಣವಾಗಿಯೂ ದಾಟಿಹೋದ ಮೇಲೆ ಮಂದವಾಗಿಯೂ ಕೇಳುವಂತೆ, ಬರುವವರಿಗೆ ತಾಗಿ ಹಿಂದಿರುಗಿದ ಅಲೆ ಸ್ವಲ್ಪ ಬದಲಾಗಿರುವದು. 1842ರಲ್ಲಿ ಡಾಪ್ಲರ್ ಎಂಬ ಪಂಡಿತನು ವಿವರಿಸಿದ ಈ ನಿಯಮವೇ ಬಾಗಿಲನ್ನು ತೆರೆಯಿಸುವದು.

ರೇಡಿಯೋ ಅಲೆಗಳ ಮಾತು ಬಂದಾಗ ನಮ್ಮ ದೇಶದ ಜಗದೀಶಚಂದ್ರ ಬೋಸರನ್ನು ನೆನೆಯದೆ ಮುಂದೆ ಹೋಗಲಾರೆನು. 1895ರಲ್ಲಿ ಕಲಕತ್ತೆಯಲ್ಲಿ ಅವರು ಕೆಲವೇ ಮಿಲಿಮೀಟರು ಉದ್ದದ ಅಲೆಗಳನ್ನು ಹುಟ್ಟಿಸಿ, ಗೋಡೆಗಳ ಆಚೆ ಇಟ್ಟ ಗಂಟೆಯನ್ನು ಮುಟ್ಟದೆ ಬಾರಿಸಿ, ಮದ್ದಿನ ಪುಡಿಯನ್ನು ಮುಟ್ಟದೆ ಸಿಡಿಸಿ ತೋರಿಸಿದರು. 2019ರಲ್ಲಿ ಗೂಗಲ್ ಸಂಸ್ಥೆಯವರು ಮುಂದೆ ಕೈಯಾಡಿಸಿದರೆ ಅರಿತುಕೊಳ್ಳುವ ಪಿಕ್ಸೆಲ್ 4 ಎಂಬ ಮೊಬೈಲನ್ನು ಮಾಡಿದರು. ಅದರೊಳಗಿನ ಅಲೆಯ ಉದ್ದ ಸುಮಾರು 5 ಮಿಲಿಮೀಟರು, ಬೋಸರು ಆಡಿಸಿದ ಅಲೆಗಳ ಸಮೀಪದ ಬಂಧು. ಆ ಅಲೆಗಳನ್ನು ಸಾರ್ವಜನಿಕರು ಬಳಸಲು ಆಗ ನಮ್ಮ ದೇಶದಲ್ಲಿ ಅಪ್ಪಣೆಯಿಲ್ಲದ್ದರಿಂದ ಆ ಮೊಬೈಲು ಭಾರತದಲ್ಲಿ ಮಾರಾಟಕ್ಕೇ ಬರಲಿಲ್ಲವೆಂಬದು ವಿನೋದವೋ ವಿಷಾದವೋ ನೀವೇ ಹೇಳಿರಿ.

ಈಗ ನಳದ ಕಡೆಗೆ ಬರೋಣ. ಸೆನ್ಸರ್ ನಳವು ಮೆಟ್ಟಿಲಿನ ದೀಪದ ಜಾತಿಯದಲ್ಲ. ಅದು ಸುಮ್ಮನೆ ಕುಳಿತು ನಮ್ಮ ಬಿಸಿಗಾಗಿ ಕಾಯುವದಿಲ್ಲ. ಸಾಧಾರಣವಾಗಿ ಅದರ ಮೂತಿಯ ಕೆಳಗಿನ ಕರಿಯ ಗಾಜಿನ ಹಿಂದಿನಿಂದ ತಾನೇ ಅವಕೆಂಪು ಬೆಳಕನ್ನು ಕ್ಷಣಕ್ಷಣಕ್ಕೆ ಬಿಟ್ಟು, ಕೈಗೆ ತಾಗಿ ಹಿಂದಿರುಗುವದೋ ಇಲ್ಲವೋ ಎಂದು ನೋಡುತ್ತಿರುವದು. ಹಿಂದಿರುಗಿದ ಬೆಳಕು ಒಂದು ಮಿತಿಯನ್ನು ಮೀರಿದರೆ ನೀರು. ಮೊಬೈಲಿನ ಮುಖದ ಮೇಲ್ಗಡೆಯೂ ಅನೇಕ ವೇಳೆ ಇಂಥ ಕಣ್ಣೇ ಇರುವದು; ಕೆನ್ನೆಗೆ ತಾಗಿ ಬೆಳಕು ಹಿಂದಿರುಗಿದ ಕೂಡಲೇ ಅದು ಕಪ್ಪಾಗುವದು. ಕಾಣದ ಈ ಬೆಳಕನ್ನು ಕಾಣಬೇಕೆಂಬ ಆಸೆಯಿದ್ದರೆ ಇಂದು ರಾತ್ರಿಯೇ ಮನೆಯಲ್ಲಿ ಒಂದು ಪ್ರಯೋಗ ಮಾಡಿರಿ. ಟೀವಿಯ ರಿಮೋಟನ್ನು ಮೊಬೈಲಿನ ಮುಂಗಡೆಯ ಕ್ಯಾಮೆರಾಕ್ಕೆ ಎದುರಾಗಿ ಹಿಡಿದು ಗುಂಡಿಯನ್ನು ಒತ್ತಿರಿ. ಬರಿಗಣ್ಣಿಗೆ ಏನೂ ಕಾಣದು. ಬಹಳಷ್ಟು ಮೊಬೈಲುಗಳ ಪರದೆಯಲ್ಲಿ ರಿಮೋಟಿನ ತುದಿಯು ನಸು ನೇರಿಳೆಯಾಗಿ ಮಿನುಗುವದು. ಹಿಂಗಡೆಯ ಕ್ಯಾಮೆರಾಕ್ಕೆ ಈ ಬೆಳಕನ್ನು ತಡೆಯುವ ಜರಡಿ ಹಾಕಿರುವದರಿಂದ ಅದರಲ್ಲಿ ಕಾಣದಿರಬಹುದು.

ನಮ್ಮ ಶಾಲೆಗೆ ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಹೋಗಿ ಓದಿದ ಹುಡುಗಿಯರು ಅನೇಕರು. ಅವರಲ್ಲಿ ಒಬ್ಬಳು, ಈಗ ತಾನೇ ಶಿಕ್ಷಕಿಯಾಗಿರುವವಳು, ಒಂದು ಸಂಗತಿಯನ್ನು ನನಗೆ ಹೇಳಿದಳು. ಅವಳು ತನ್ನ ಆಯಿಯನ್ನು ಕಣ್ಣಿನ ಚಿಕಿತ್ಸೆಗೆಂದು ಕಲಬುರಗಿಯ ಒಂದು ಆಸ್ಪತ್ರೆಗೆ ಕರೆತಂದಿದ್ದಳು. ಕೈ ತೊಳೆಯುವಲ್ಲಿ ನಳಕ್ಕೆ ತಿರುವಣಿಯಿಲ್ಲ. ಮೊಮ್ಮಗಳು ಆಯಿಯ ಎರಡೂ ಕೈಗಳನ್ನು ಬೊಗಸೆ ಮಾಡಿಸಿ ಅದರ ಕೆಳಗೆ ಹಿಡಿದಳು. ಮೇಲಿಂದ ನೀರು ಬಿದ್ದ ಕೂಡಲೇ ಆಯಿ ಕೈಗಳನ್ನು ಹಿಂದಕ್ಕೆ ಎಳೆದುಕೊಂಡು, ಸುತ್ತಲೂ ನೋಡಿ ಕೇಳಿದಳು:

"ನೀರ ಯಾರ ಹಾಕ್ಲತಾರವ್ವಾ?"

"ಯಾರೂ ಇಲ್ಲ ಆಯೀ. ಕೈ ಕಂಡ್ರ ತಾನೇ ಬರ್ತದ."

"ಅದಕ್ಕ ಯಾರ ಕೈ ಅಂತ ಗೊತ್ತಾಗ್ತದೇನು?"

"ಇಲ್ಲ. ಅದಕ್ಕೇನ ಗೊತ್ತಾಗ್ತದ?"

"ಹಂಗಾದ್ರ ಛಲೋ ಅದ," ಎಂದು ಆಯಿ ಮತ್ತೆ ಬೊಗಸೆಯೊಡ್ಡಿ, ಬಹಳ ಹೊತ್ತು ಕೈ ತೊಳೆದಳಂತೆ.

ಆಯಿಯ ಪ್ರಶ್ನೆ ನಗುವ ವಿಷಯವಲ್ಲವೆಂದು ನಮ್ಮ ಹಿರಿಯ ಪಾಲಕರು ಬಲ್ಲರು. ಬೊಗಸೆಯೊಡ್ಡಿ ಬಗ್ಗಿ ನಿಲ್ಲುವದು, ಎತ್ತರದಿಂದ ನೀರು ಬೀಳುವದು, ಪಾತ್ರೆಗೆ ಕೈ ತಾಗದಂತೆ ನೋಡಿಕೊಳ್ಳುವದು, ಇದು ನಮ್ಮ ನಾಡಿನಲ್ಲಿ ಬಹಳ ಹಳೆಯ ಪದ್ಧತಿ. ಯಾವ ಸೆನ್ಸರೂ ಇಲ್ಲದ ಕಾಲದಲ್ಲಿಯೇ ಮುಟ್ಟದೆ ನೀರು ಕೊಡುವದನ್ನು ನಾವು ಕಲಿತಿದ್ದೆವು. ಬಾವಿಯ ಕಟ್ಟೆಯನ್ನು ಹತ್ತಬಾರದವರು, ಹೊಟೇಲಿನಲ್ಲಿ ಬೇರೆ ಲೋಟದವರು ಎಂದು ಒಂದು ಜನಾಂಗವನ್ನೇ ದೂರ ಇಟ್ಟವರು ನಾವು. 1927ನೇ ಇಸವಿಯ ಮಾರ್ಚ್ 20ರಂದು ಡಾಕ್ಟರ್ ಅಂಬೇಡಕರರು ಮಹಾಡದ ಚವದಾರ ಕೆರೆಗೆ ಇಳಿದು ತಮ್ಮ ಬೊಗಸೆಯಿಂದ ನೀರು ಕುಡಿದದ್ದು ಇದಕ್ಕಾಗಿ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಅದನ್ನು ಆಚರಿಸುವವರಿಗೆ ಶಿಕ್ಷೆ ವಿಧಿಸುವ ಶಾಸನವೂ ಬಂದಿತು. ಕಾನೂನು ಬಂದ ಮೇಲೆಯೂ ಬೊಗಸೆಯೊಡ್ಡಿದ ನೆನಪು ಮುದುಕಿಯ ಕೈಯಲ್ಲಿ ಉಳಿದಿತ್ತು. ಕೊರೋನಾ ಕಾಲದಲ್ಲಿ ಒಂದು ರೋಗಕ್ಕಾಗಿ ನಾವು ಕೆಲವು ತಿಂಗಳು ಯಾರನ್ನೂ ಮುಟ್ಟದೆ, ಯಾರಿಂದಲೂ ಮುಟ್ಟಿಸಿಕೊಳ್ಳದೆ ಇದ್ದು ಎಷ್ಟು ಕಷ್ಟವೆಂದು ಬರೆದುಕೊಂಡೆವು. ಅದನ್ನು ಹುಟ್ಟಿನಿಂದ ಕಂಡವರು ಏನೂ ಬರೆಯದೆ ಹೋದರು.

ಆದರೆ ಪಾಠ ಹೇಳುವವಳು ಆಯಿಯ ಪ್ರಶ್ನೆಗೆ ಮೊಮ್ಮಗಳು ಕೊಟ್ಟ ಉತ್ತರವನ್ನು ಹಾಗೆಯೇ ಬಿಡಲಾಗದು. ಯಾರ ಕೈಯೆಂದು ನಳಕ್ಕೆ ತಿಳಿಯುವದೇ ಇಲ್ಲವೇ? ಜಾತಿ ತಿಳಿಯದು, ಕುಲ ತಿಳಿಯದು, ಇದು ನಿಶ್ಚಯ. ಬಣ್ಣದ ಮಾತು ಮಾತ್ರ ಬೇರೆ.

2017ನೇ ಇಸವಿಯಲ್ಲಿ ಒಂದು ಚಿಕ್ಕ ವೀಡಿಯೋ ಲೋಕವೆಲ್ಲ ಹರಡಿತು. ಬಿಳಿಯ ಕೈಯೊಂದನ್ನು ಸೆನ್ಸರ್ ಸಾಬೂನಿನ ಪೆಟ್ಟಿಗೆಯ ಕೆಳಗೆ ಹಿಡಿದರೆ ಸಾಬೂನು ಬಿತ್ತು. ಕರಿಯ ಕೈಯನ್ನು ಹಿಡಿದರೆ ಬೀಳಲಿಲ್ಲ. ತಿರುವಿ ಹಿಡಿದರೂ ಬೀಳಲಿಲ್ಲ. ಅದೇ ಕೈಯಲ್ಲಿ ಬಿಳಿಯ ಕಾಗದದ ತುಂಡನ್ನು ಇಟ್ಟು ಹಿಡಿದಾಗ ಸಾಬೂನು ಬಿತ್ತು. ಮೇಲೆ ಹೇಳಿದ ಭೇದವನ್ನು ಈಗ ನೆನಪಿಗೆ ತಂದುಕೊಳ್ಳಿರಿ. ಮನುಷ್ಯನು ತಾನಾಗಿ ಹೊರಸೂಸುವ ಬಿಸಿಯ ಕಿರಣದಲ್ಲಿ ಕರಿಯರು, ಬಿಳಿಯರು, ಗೋಧಿಬಣ್ಣದವರು ಎಂಬ ಭೇದವಿಲ್ಲ. ಯಾವ ಬಣ್ಣದ ಚರ್ಮವಾದರೂ ಆ ಬಿಸಿಯಲ್ಲಿ ಸೂಸಬಹುದಾದದ್ದರಲ್ಲಿ ನೂರಕ್ಕೆ ಸುಮಾರು 98 ಪಾಲನ್ನು ಸೂಸುವದು. ಥರ್ಮಲ್ ಗನ್ನೂ ಮೆಟ್ಟಿಲಿನ ದೀಪವೂ ಇದನ್ನು ನೋಡುವದರಿಂದ ಅವುಗಳಿಗೆ ನಾವೆಲ್ಲರೂ ಒಂದೇ. ನಳವೂ ಸಾಬೂನಿನ ಪೆಟ್ಟಿಗೆಯೂ ನೋಡುವದು ಚರ್ಮಕ್ಕೆ ತಾಗಿ ಹಿಂದಿರುಗಿದ ಬೆಳಕನ್ನು. ಕಪ್ಪು ಚರ್ಮವು ಬೆಳಕನ್ನು ಹೆಚ್ಚು ಹೀರಿಕೊಂಡು ಕಡಿಮೆ ಹಿಂದಿರುಗಿಸುವದು. ಈ ವ್ಯತ್ಯಾಸ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಹೆಚ್ಚು, ಅವಕೆಂಪಿನಲ್ಲಿ ಬಹಳ ಕಡಿಮೆ. ಆದರೂ ಯಂತ್ರ ಮಾಡಿದವನು ಬಿಳಿಯ ಕೈಗಳನ್ನೇ ಹಿಡಿದು ನೋಡಿ ಮಿತಿಯನ್ನು ಬಿಗಿಯಾಗಿ ಇಟ್ಟಿದ್ದರೆ, ಕಣ್ಣಿನ ಗಾಜಿಗೆ ಸಾಬೂನಿನ ಕಲೆ ಹಿಡಿದಿದ್ದರೆ, ಸೆಲ್ಲು ಸವೆದಿದ್ದರೆ, ಆ ಸ್ವಲ್ಪ ವ್ಯತ್ಯಾಸವೇ ಸಾಕಾಗುವದು.

ಇದು ಸಾಬೂನಿಗೆ ಮಾತ್ರ ನಿಂತದ್ದಲ್ಲ. ಕೊರೋನಾ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಬೆರಳಿಗೆ ಸಿಕ್ಕಿಸಿ ನೋಡುತ್ತಿದ್ದ ಆಕ್ಸಿಮೀಟರು ಮುಟ್ಟದ ಯಂತ್ರವಲ್ಲದಿದ್ದರೂ ಬೆಳಕಿನಿಂದಲೇ ಕೆಲಸ ಮಾಡುವದು. ಅಮೇರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಆ ಸಾಧನವು ಉಸಿರು ಚೆನ್ನಾಗಿದೆಯೆಂದು ಸಾಧಾರಣ ಅಂಕಿಯನ್ನು ತೋರಿಸುತ್ತಿದ್ದಾಗಲೇ ರಕ್ತದಲ್ಲಿ ಆಮ್ಲಜನಕವು ಅಪಾಯದ ಮಟ್ಟಕ್ಕೆ ಇಳಿದಿದ್ದ ಪ್ರಸಂಗಗಳು ಬಿಳಿಯ ರೋಗಿಗಳಲ್ಲಿ ನೂರಕ್ಕೆ ಸುಮಾರು 4, ಕರಿಯ ರೋಗಿಗಳಲ್ಲಿ ನೂರಕ್ಕೆ ಸುಮಾರು 12. ಯಂತ್ರಕ್ಕೆ ದ್ವೇಷವಿಲ್ಲ, ಪಕ್ಷಪಾತವಿಲ್ಲ ಎಂದು ಹೇಳುವವರು ಈ ಎರಡು ಅಂಕಿಗಳನ್ನು ನೋಡಬೇಕು. ಅದನ್ನು ಯಾರ ಕೈಗಳ ಮೇಲೆ ಪರೀಕ್ಷಿಸಿದರೋ ಅವರ ಕೈಗಳನ್ನೇ ಅದು ಚೆನ್ನಾಗಿ ಬಲ್ಲದು.

ನಮ್ಮ ಹುಡುಗಿಯರಲ್ಲಿ ಹಾಲಿನ ಕೆನೆಯಂಥ ಬಣ್ಣದವರೂ ಉಂಟು, ಕರಿ ಎರೆಮಣ್ಣಿನ ಬಣ್ಣದವರೂ ಉಂಟು. ಸಾಲಿನಲ್ಲಿ ನಿಂತ ಹುಡುಗಿಯೊಬ್ಬಳ ಕೈಗೆ ನೀರು ಬಾರದೆ, ಹಿಂದಿನವಳ ಕೈಗೆ ಬಂದರೆ, ಅವಳು ಯಂತ್ರದ ಮಿತಿಯನ್ನು ಲೆಕ್ಕ ಹಾಕುತ್ತ ನಿಲ್ಲುವದಿಲ್ಲ. ಹದಿಮೂರು ವರ್ಷದ ಹುಡುಗಿಗೆ ಬಣ್ಣದ ವಿಷಯದಲ್ಲಿ ಮನೆಯಲ್ಲಿ, ಮದುವೆಯ ಮಾತುಗಳಲ್ಲಿ, ಜಾಹೀರಾತುಗಳಲ್ಲಿ ಕೇಳಿದ್ದು ಸಾಕಷ್ಟಿರುವದು. ಅದಕ್ಕೆ ಶಾಲೆಯ ನಳವೂ ಒಂದು ಮಾತು ಸೇರಿಸಬೇಕಾಗಿಲ್ಲ.

ಹೀಗೆಂದು ಸೆನ್ಸರ್ ನಳವೇ ಬೇಡವೆಂದು ನಾನು ಹೇಳುವದಿಲ್ಲ. ಸೋರುವ ನಳಗಳಿಂದ ಹರಿದುಹೋಗುವ ನೀರನ್ನು ಕಂಡರೆ ಹೊಟ್ಟೆ ಉರಿಯುವದು. ಬೇಸಿಗೆಯಲ್ಲಿ ನೀರಿಗಾಗಿ ಕಾಯುವ ಊರು ನಮ್ಮದು. ಕೈ ತೆಗೆದೊಡನೆ ನಿಲ್ಲುವ ನಳವು ಆ ಮಟ್ಟಿಗೆ ಉಪಕಾರಿಯೇ ಸರಿ. ಆದರೆ ತೊಟ್ಟಿಯಲ್ಲಿ ನೀರಿಲ್ಲದಿದ್ದರೆ ಯಾವ ಕಣ್ಣಿದ್ದೂ ಪ್ರಯೋಜನವಿಲ್ಲ. ಕರೆಂಟು ಹೋದರೆ, ಸೆಲ್ಲು ತೀರಿದರೆ, ನೀರಿದ್ದೂ ಬಾರದು. ಮಧ್ಯಾಹ್ನದ ನೇರ ಬಿಸಿಲು ಆ ಕರಿಯ ಗಾಜಿನ ಮೇಲೆ ಬಿದ್ದರೆ, ಬಿಸಿಲಿನೊಳಗಿನ ಅವಕೆಂಪೇ ಅದರ ಚಿಕ್ಕ ಬೆಳಕನ್ನು ಮುಳುಗಿಸಿಬಿಡುವದು. ನಮ್ಮ ಕಟ್ಟೆ ಇರುವದು ಪಡುವಲ ಬದಿಗೆ, ತೆರೆದ ಜಾಗದಲ್ಲಿ. ಮುಟ್ಟದೆ ಕೈ ತೊಳೆಯುವದಕ್ಕೆ ಎಲ್ಲಕ್ಕಿಂತ ಸುಲಭವಾದ ಸಾಧನವು ಕಾಲಿನಿಂದ ತುಳಿಯುವ ಮಣೆ. 2020ರಲ್ಲಿ ಸ್ಯಾನಿಟೈಜರಿನ ಬಾಟಲಿಗಳಿಗೆ ಇಂಥ ಮಣೆಗಳನ್ನು ಊರೂರ ಬೆಸುಗೆಯವರೇ ಮಾಡಿಕೊಟ್ಟರು. ಅದಕ್ಕೆ ಸೆಲ್ಲು ಬೇಡ, ಕರೆಂಟು ಬೇಡ, ತುಳಿದವರ ಬಣ್ಣ ಬೇಡ. ಕಾಲಿಗೆ ಬಲವಿಲ್ಲದ ಹುಡುಗಿಯರಿಗೆ ಮಾತ್ರ ಅದು ಅನುಕೂಲವಲ್ಲ. ಅವರಿಗೆ ಸೆನ್ಸರ್ ನಳವೇ ಲೇಸು.

ಆದಕಾರಣ ಕೊಡುಗೆಯವರ ಒಪ್ಪಿಗೆಯಿಂದ ಈ ಏರ್ಪಾಡು ಮಾಡಿರುವೆವು. ಎಂಟರಲ್ಲಿ ಐದು ನಳಗಳಿಗೆ ತುಳಿಯುವ ಮಣೆ. ಮೂರು ಸೆನ್ಸರ್ ನಳಗಳು. ಸೆನ್ಸರ್ ನಳಗಳ ಮೇಲೆ ಬಿಸಿಲು ಬೀಳದಂತೆ ತಗಡಿನ ಮಾಡು. ಪ್ರತಿಯೊಂದಕ್ಕೂ ಕೈಯಿಂದ ತಿರುವುವ ಒಂದು ತಿರುವಣಿ. ಅಂಗಡಿಯವರು ನಳಗಳನ್ನು ಕೂಡಲೇ ಜೋಡಿಸಿ ಹಣ ಕೇಳಿದ್ದರು. ಪರೀಕ್ಷೆಯಾದ ಮೇಲೆಯೇ ಹಣ ಎಂದು ತಿಳಿಸಿದ್ದೇವೆ. ಮೇ ತಿಂಗಳ ಕೊನೆಗೆ ಶಾಲೆ ತೆರೆದಾಗ ಬಿಸಿಲು ಇನ್ನೂ ಪೂರ್ಣವಾಗಿ ಇಳಿದಿರುವದಿಲ್ಲ, ಅದೇ ತಕ್ಕ ಕಾಲ. ಎಂಟನೆಯ ತರಗತಿಯಿಂದ ಹತ್ತನೆಯ ತರಗತಿಯ ವರೆಗಿನ ಪ್ರತಿಯೊಬ್ಬ ಹುಡುಗಿಯೂ ಬರಿಗೈಯಿಂದ ಒಮ್ಮೆ, ಮದರಂಗಿ ಹಚ್ಚಿದವರು ಮದರಂಗಿಯ ಕೈಯಿಂದಲೇ, ಒದ್ದೆ ಕೈಯಿಂದ ಇನ್ನೊಮ್ಮೆ ನೋಡಬೇಕು. ಮುಂಜಾನೆ, ನಡುಮಧ್ಯಾಹ್ನ, ಸಂಜೆ ಮೂರು ಹೊತ್ತೂ ನೋಡಬೇಕು. ನೀರು ಬಂದದ್ದು ಎಷ್ಟು ಸಲ, ಬಾರದ್ದು ಎಷ್ಟು ಸಲ ಎಂಬದನ್ನು ಹತ್ತನೆಯ ತರಗತಿಯವರು ತಮ್ಮ ವಿಜ್ಞಾನದ ವಹಿಯಲ್ಲಿ ಬರೆದಿಡುವರು. ಯಾರೊಬ್ಬಳ ಕೈಯನ್ನಾದರೂ ಅದು ಕಾಣದೆ ಹೋದರೆ ಆ ನಳವು ಅಂಗಡಿಗೆ ಹಿಂದಿರುಗುವದು. ನೋಡಬೇಕೆಂದು ಇಚ್ಛೆಯುಳ್ಳ ಪಾಲಕರೂ ಪೂರ್ವ ವಿದ್ಯಾರ್ಥಿನಿಯರೂ ಶಾಲೆ ತೆರೆದ ಮೊದಲನೆಯ ಶನಿವಾರ ಬೆಳಿಗ್ಗೆ ಬರಬಹುದು. ಕಮಲಾಪುರದ ಆಯಿಯನ್ನೂ ಕರೆತರುವೆನೆಂದು ಮೊಮ್ಮಗಳು ಹೇಳಿ ಕಳಿಸಿದ್ದಾಳೆ.